ಕಣ್ಣು ಅಟ್ಟದ ಕಾಯಲ್ಲ

ಕಂದಿಕೆರೆ ಸುತ್ತಿನ ಹಳ್ಳಿಗಳಲ್ಲಿ ಅಟ್ಟದಿಂದ ತೆಂಗಿನಕಾಯಿ ಇಳಿಸುವ ಕಾಲ ಬಂತೆಂದರೆ ಶ್ರೀರಂಗಯ್ಯನಿಗೆ ಎಲ್ಲಿಲ್ಲದ ಬೇಡಿಕೆ. ಎಪ್ಪತ್ತೆರಡು ವರ್ಷವಾದರೂ ಏಣಿ ಹತ್ತಿ, ಅಟ್ಟದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಗುಳುಗುಳು ಎಂದರೆ ಒಳಗೆ ಇನ್ನೂ ನೀರಿದೆ. ಗಡಗಡ ಎಂದರೆ ನೀರು ಇಂಗಿ, ತಿರುಳು ಕರಟ ಬಿಟ್ಟು, ಕೊಬ್ಬರಿಯಾಗಿದೆ. "ಇನ್ನೊಂದು ತಿಂಗ್ಳು ಬಲೀಲಿ ಬುಡ್ರಪ್ಪ" ಎಂದು ಅವನು ಹೇಳಿದರೆ ಮುಗಿಯಿತು, ಆ ಮನೆಯವರು ಅಟ್ಟದ ಕಡೆ ತಲೆ ಹಾಕುವುದಿಲ್ಲ. ಅವಸರ ಮಾಡಿ ಕೆಟ್ಟವರನ್ನು ಅವನು ಬೇಕಾದಷ್ಟು ಕಂಡಿದ್ದ. ಕಾದು ಕೆಟ್ಟವರನ್ನು ಕಂಡಿರಲಿಲ್ಲ. ಹಾಗಾಗಿ ಯಾವುದಕ್ಕೇ ಆಗಲಿ, ಕಾಯಬೇಕು ಎನ್ನುವುದು ಅವನ ಬುದ್ಧಿಗೆ ಅಂಟಿಕೊಂಡುಬಿಟ್ಟಿತ್ತು.

ಈ ಸಲ ಅವನ ಮನೆಯಲ್ಲೇ ಕೊಬ್ಬರಿ ಬಿಡಿಸುವ ಕೆಲಸ ನಡೆದಿತ್ತು. ಕೇರಿಯ ಹೆಂಗಸರು ಮುಯ್ಯಾಳಿಗೆ ಬಂದಿದ್ದರು. ಇವತ್ತು ಇವರ ಮನೆಗೆ ಅವರು, ನಾಳೆ ಅವರ ಮನೆಗೆ ಇವರು, ಕೂಲಿಯ ಮಾತಿಲ್ಲ. ಎಲ್ಲರೂ ಪಡಸಾಲೆಯಲ್ಲಿ ಕೂತು, ಮಚ್ಚಿನಿಂದ ಕರಟವನ್ನು ತಟ್ಟಿ ತಟ್ಟಿ ಬಿಡಿಸಿ, ಒಳಗಿನ ಕೊಬ್ಬರಿಯನ್ನು ಉಂಡೆ ಉಂಡೆಯಾಗಿ ತೆಗೆಯುತ್ತಿದ್ದರು. ಉಂಡೆಗೆ ಏಟು ತಗುಲಬಾರದು. ತಗುಲಿದರೆ ಮಾರುಕಟ್ಟೆಯಲ್ಲಿ ಅದನ್ನು ಪಕ್ಕಕ್ಕೆ ಎಸೆಯುತ್ತಾರೆ.

ಶ್ರೀರಂಗಯ್ಯನ ಹೆಂಡತಿ ಹುಚ್ಚಕ್ಕನ ಕೈ ಈ ಕೆಲಸಕ್ಕೆ ಹೆಸರಾದ ಕೈ. ಅವಳು ತೆಗೆದ ಉಂಡೆಯ ಮೇಲೆ ಉಗುರಿನ ಗೆರೆಯೂ ಇರುತ್ತಿರಲಿಲ್ಲ. ಆದರೆ ಎರಡು ವರ್ಷದಿಂದ ಅವಳ ಮಂಕರಿಯಲ್ಲಿ ಏಟು ಬಿದ್ದ ಕೊಬ್ಬರಿಯೇ ಹೆಚ್ಚು.

"ಏನೇ ಇದು? ಮೂರಕ್ಕೆರಡು ಒಡೆದಿದ್ದೀಯ. ಗ್ಯಾನ ಎಲ್ಲೈತೆ ನಿಂಗೆ?" ಎಂದು ಶ್ರೀರಂಗಯ್ಯ ಎಲ್ಲರೆದುರಿಗೇ ರೇಗಿದ.

ಹುಚ್ಚಕ್ಕ ತಲೆ ಎತ್ತಲಿಲ್ಲ. ಸೆರಗಿನೊಳಗೆ ಎಡಗೈ ಮುಚ್ಚಿಕೊಂಡು, "ವಯಸ್ಸಾಯ್ತು, ಏನ್ ಮಾಡೋದು" ಎಂದಳು.

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಶಾಂತಕುಮಾರಿ ಬಂದಳು. ಕೈಯಲ್ಲಿ ಹೆಸರಿನ ಪಟ್ಟಿ, ಹೆಗಲಲ್ಲಿ ಚೀಲ. ಅದೇ ಊರಿನ ಸೊಸೆ, ಎಲ್ಲರ ಮನೆಯ ಬಾಣಂತನಕ್ಕೂ ಬೇಕಾದವಳು.

"ದೊಡ್ಡಪ್ಪ, ನಾಳೆ ಚಿಕ್ಕನಾಯಕನಹಳ್ಳಿ ಸರ್ಕಾರಿ ಆಸ್ಪತ್ರೇಲಿ ಅರವತ್ತು ದಾಟಿದೋರ ಕಣ್ಣು ನೋಡ್ತಾರೆ. ನೀವೂ ದೊಡ್ಡಮ್ಮನೂ ಬನ್ನಿ. ಹೆಸರು ಬರ್ಕೊಳ್ಳಾ?"

"ನನ್ ಕಣ್ಣಿಗೇನಾಗೈತವ್ವ? ಇವಳಿಗೇನೋ ಪೊರೆ ಬಂದೈತೆ. ಅದು ಇನ್ನೂ ಬಲೀಬೇಕು. ನಮ್ಮವ್ವ ಭೈರಮ್ಮಂಗೂ ಹಂಗೇ ಆಗಿತ್ತು. ಬಲಿತ ಮೇಲೆ ಬನ್ನಿ ಅಂತ ಆಗಿನ ಡಾಕ್ಟ್ರೇ ವಾಪಸ್ ಕಳ್ಸಿದ್ರು. ಪೂರ್ತಿ ಬೆಳ್ಳಗಾದ ಮೇಲೆ ತೆಗ್ದ್ರು, ಚೆನ್ನಾಗಿ ಕಾಣ್ತಿತ್ತು."

"ಅದು ನಲವತ್ತು ವರ್ಷದ ಹಿಂದ್ಲ ಮಾತು. ಈಗ ಯಾರೂ ಕಾಯ್ಸಲ್ಲ. ಅಲ್ದೆ ಇದು ಪೊರೇನೇ ಅಂತ ನಿಮಗೆ ಹೇಳ್ದೋರು ಯಾರು?"

ಶ್ರೀರಂಗಯ್ಯ ನಕ್ಕ. "ಕಾಯಿ ಬಲಿತೈತಾ ಇಲ್ವಾ ಅಂತ ಊರಿಗೆಲ್ಲ ಹೇಳೋನು ನಾನು. ನಂಗೆ ನೀನು ಹೇಳ್ತೀಯಲ್ಲ. ಆಯುಷ್ಮಾನ್ ಕಾರ್ಡು ಮಾಡ್ಸಿ ಟ್ರಂಕಲ್ಲಿ ಇಟ್ಟಿದೀನಿ ಕಣವ್ವ. ಆಪರೇಷನ್ ಕಾಲ ಬಂದಾಗ ತೆಗೀತೀನಿ. ಸುಮ್ ಸುಮ್ನೆ ಪರೀಕ್ಷೆ ಗಿರೀಕ್ಷೆ ಅಂತ ಈಗ್ಲೇ ಖರ್ಚು ಮಾಡ್ಕೊಂಬುಟ್ರೆ ಆಮೇಲೆ ಏನ್ ಗತಿ?"

ಶಾಂತಕುಮಾರಿ ಪಟ್ಟಿಯನ್ನು ಮಡಿಚಿ ಪಡಸಾಲೆಯ ಮೆಟ್ಟಿಲ ಮೇಲೆ ಕೂತಳು. "ಊರಲ್ಲಿ ಅರ್ಧ ಜನ ಹಿಂಗೇ ತಿಳ್ಕೊಂಡವ್ರೆ, ದೊಡ್ಡಪ್ಪ. ಕಾರ್ಡು ಇರೋದು ಅಡ್ಮಿಟ್ ಆಗೋ ಕಾಯಿಲೆಗೆ, ದೊಡ್ಡ ಚಿಕಿತ್ಸೆಗೆ. ಸರ್ಕಾರಿ ಆಸ್ಪತ್ರೇಲಿ ಕಣ್ಣು ತೋರ್ಸಿದ್ರೆ ಕಾರ್ಡಿಂದ ಒಂದ್ ಪೈಸೆನೂ ಕಮ್ಮಿ ಆಗಲ್ಲ. ಕಾರ್ಡು ಕಾಪಾಡ್ಕೊಂಡು ಕಣ್ಣು ಕಳ್ಕೊಂಡ್ರೆ ಏನ್ ಬಂತು?"

ಆ ಹೊತ್ತಿಗೆ ಸೊಸೆ ಗಂಗಲಕ್ಷ್ಮಿ ಎಲ್ಲರಿಗೂ ಕಾಫಿ ತಂದಳು. ಹುಚ್ಚಕ್ಕನ ಬಲಗಡೆ ನಿಂತು ಲೋಟ ಚಾಚಿದಳು. ಹುಚ್ಚಕ್ಕ ತೆಗೆದುಕೊಳ್ಳಲಿಲ್ಲ. "ಅತ್ತೆ, ಕಾಫಿ" ಎಂದಳು ಗಂಗಲಕ್ಷ್ಮಿ. ಹುಚ್ಚಕ್ಕ ಗಾಬರಿಯಾಗಿ ತಿರುಗಿದ ರಭಸಕ್ಕೆ ಮೊಣಕೈ ತಗುಲಿ ಲೋಟ ಉರುಳಿತು.

ಶಾಂತಕುಮಾರಿ ಎದ್ದು ಬಂದು ಹುಚ್ಚಕ್ಕನ ಎದುರು ಕೂತಳು. ಅವಳ ಎಡಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈ ಎತ್ತಿ, "ದೊಡ್ಡಮ್ಮ, ಇದು ಎಷ್ಟು ಬೆರಳು?" ಎಂದು ಕೇಳಿದಳು.

ಹುಚ್ಚಕ್ಕ ಮುಖವನ್ನು ಅತ್ತಿತ್ತ ತಿರುಗಿಸಿ ಹುಡುಕಿದಳು. ಮಚ್ಚಿನ ಸದ್ದು ಒಂದೊಂದಾಗಿ ನಿಂತಿತು.

"ಕೈಯಾದ್ರೂ ಕಾಣ್ತದಾ?"

"ಇಲ್ಲ ಕಣವ್ವ. ಕತ್ಲೆ."

"ಯಾವಾಗಿಂದ?"

"ಹೋದ ವರ್ಷದ ಯುಗಾದಿಗಿಂತ ಮುಂಚೆ ಇಂದ. ಮೊದ್ಲು ಪಕ್ಕದ್ದು ಕಾಣ್ತಿರ್ಲಿಲ್ಲ, ಆಮೇಲೆ ಎದುರಿಗಿಂದೂ ಹೋಯ್ತು. ನೋವಿಲ್ಲ, ಉರಿ ಇಲ್ಲ. ಇವರು ಬಲೀಲಿ ಅಂದ್ರಲ್ಲ. ಬಲೀತಾ ಐತೆ ಅಂದ್ಕಂಡೆ."

ಒಂದೇ ಸೂರಿನ ಕೆಳಗೆ ಐವತ್ತು ವರ್ಷ ಬಾಳಿದವಳು ಒಂದೂವರೆ ವರ್ಷದಿಂದ ಒಂಟಿ ಕಣ್ಣಲ್ಲಿ ಮಚ್ಚು ಹಿಡಿದು ಕೂರುತ್ತಿದ್ದಾಳೆ. ಶ್ರೀರಂಗಯ್ಯ ಮಾತ್ರ ಅವಳ ಕೈಯಲ್ಲಿ ಒಡೆದ ಕೊಬ್ಬರಿಯ ಲೆಕ್ಕ ಹಾಕುತ್ತಿದ್ದ. ಆ ದಿನ ಅವನು ಮತ್ತೆ ಪಡಸಾಲೆಗೆ ಬರಲಿಲ್ಲ, ಹಿತ್ತಲಲ್ಲಿ ಕೂತುಬಿಟ್ಟ.

ಮರುದಿನ ಮೊದಲ ಬಸ್ಸಿಗೇ ಹೊರಟರು. ಚಿಕ್ಕನಾಯಕನಹಳ್ಳಿ ಆಸ್ಪತ್ರೆಯಲ್ಲಿ ಕಣ್ಣು ನೋಡಿದವರು ಹೆಚ್ಚು ಮಾತಾಡದೆ, ಚೀಟಿ ಬರೆದು, ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಇವತ್ತೇ ಹೋಗಿ ಎಂದರು. ಶಾಂತಕುಮಾರಿಯೂ ಜೊತೆಗೆ ಹೋದಳು. ದಾರಿಯುದ್ದಕ್ಕೂ ಶ್ರೀರಂಗಯ್ಯ ಒಳಜೇಬಿನ ಕಾರ್ಡನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಅದು ಇರುವ ತನಕ ಹೆದರಿಕೆ ಇಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ತುಮಕೂರಿನ ಡಾಕ್ಟರಮ್ಮ ಹುಚ್ಚಕ್ಕನ ಎರಡೂ ಕಣ್ಣಿಗೆ ಔಷಧಿ ಬಿಟ್ಟು, ಯಂತ್ರದ ಮುಂದೆ ಗದ್ದ ಇಡಿಸಿ, ಬಹಳ ಹೊತ್ತು ನೋಡಿದರು. ಶ್ರೀರಂಗಯ್ಯ ತಡೆಯಲಾರದೆ ಕಾರ್ಡು ತೆಗೆದು ಮೇಜಿನ ಮೇಲಿಟ್ಟ.

"ಆಪರೇಷನ್ ಮಾಡ್ಬುಡಿ ತಾಯಿ. ಕಾರ್ಡು ತಂದಿದೀನಿ. ಒಂದ್ ಸಲಾನೂ ಮುಟ್ಟಿಲ್ಲ."

ಡಾಕ್ಟರಮ್ಮ ಕಾರ್ಡನ್ನು ನಿಧಾನವಾಗಿ ಅವನ ಕಡೆಗೇ ಸರಿಸಿದರು. "ಇದು ಪೊರೆ ಅಲ್ಲ ಯಜಮಾನ್ರೆ. ಗ್ಲಾಕೋಮಾ ಅಂತ. ಕಣ್ಣೊಳಗಿನ ಒತ್ತಡ ಏರಿ, ಹಿಂದಿರೋ ನರ ಸಾಯ್ತಾ ಹೋಗುತ್ತೆ. ನೋವಿಲ್ದೆ, ಸದ್ದಿಲ್ದೆ. ಬಲಗಣ್ಣಿನ ನರ ಪೂರ್ತಿ ಹೋಗಿದೆ."

"ಅದನ್ನ ಸರಿ ಮಾಡಕ್ಕೆ..."

"ನಿಮ್ಮದು ತೆಂಗಿನ ಸೀಮೆ ಅಲ್ವಾ? ಸುಳಿ ಸತ್ತ ಮರ ಮತ್ತೆ ಚಿಗುರುತ್ತಾ?"

ಶ್ರೀರಂಗಯ್ಯ ಇಲ್ಲ ಎಂದು ತಲೆಯಾಡಿಸಿದ. ಅವನಿಗೆ ಇನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಎರಡು ವರ್ಷದ ಹಿಂದೆ ಒಂದು ಸಲ ಪರೀಕ್ಷೆ ಮಾಡ್ಸಿದ್ರೆ ಈ ಕಣ್ಣು ಬಹುಶಃ ಉಳೀತಿತ್ತು. ಈಗ ಎಡಗಣ್ಣಿಗೂ ಶುರುವಾಗಿದೆ. ಆದ್ರೆ ಅದನ್ನ ಕಾಪಾಡಬಹುದು. ದಿನಾ ತಪ್ಪದೆ ಡ್ರಾಪ್ಸ್ ಹಾಕ್ಬೇಕು, ಕರೆದಾಗೆಲ್ಲ ಬಂದು ತೋರಿಸ್ಬೇಕು. ಚೆನ್ನಾಗಿ ಕಾಣ್ತಿದೆ ಅಂತ ಒಂದು ದಿನವೂ ಬಿಡೋ ಹಾಗಿಲ್ಲ. ಬಿಟ್ರೆ ಇದೂ ಹೋಗುತ್ತೆ. ಇದು ಮನೆತನದಲ್ಲೂ ಬರೋ ಕಾಯಿಲೆ, ಮಕ್ಕಳನ್ನೂ ಕರ್ಕೊಂಡ್ ಬನ್ನಿ."

ಹೊರಡುವ ಮುಂಚೆ ಡಾಕ್ಟರಮ್ಮ ಶ್ರೀರಂಗಯ್ಯನನ್ನೂ ಯಂತ್ರದ ಮುಂದೆ ಕೂರಿಸಿದರು. ನಿಜವಾದ ಪೊರೆ ಇದ್ದದ್ದು ಅವನಿಗೆ, ಎರಡು ಕಣ್ಣಿಗೂ. ಏಣಿಯ ಮೆಟ್ಟಿಲು ಮಸುಕಾಗಿ ಕಾಣುವುದು ಅಟ್ಟದ ಧೂಳಿನಿಂದ ಎಂದುಕೊಂಡಿದ್ದ ಮಹಾನುಭಾವ. "ಇದಕ್ಕೆ ಆಪರೇಷನ್ ಇದೆ, ಇಲ್ಲೇ ದುಡ್ಡಿಲ್ಲದೆ ಮಾಡ್ತೀವಿ. ಬಲೀಲಿ ಅಂತ ಮಾತ್ರ ಕಾಯ್ಬೇಡಿ" ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಹೆಂಡತಿಯ ಬಲಗಡೆ ಕೂತ. ಬಸ್ಸು ಗುಬ್ಬಿ ಊರನ್ನು ದಾಟಿತು. ಆಮೇಲೆ, "ನಿನ್ ಕಣ್ಣು ತೆಗ್ದೋನು ನಾನೇ ಕಣೇ" ಎಂದ.

ಹುಚ್ಚಕ್ಕ ಅವನ ಕಡೆ ತಿರುಗಿದಳು. "ನಾನೂ ಬಾಯ್ಬುಟ್ಟು ಹೇಳ್ಬೇಕಿತ್ತು. ಹೇಳ್ಲಿಲ್ಲ. ಅತ್ಕಂಡು ಕೂತ್ರೆ ಹೋಗಿದ್ದು ಬತ್ತದಾ? ಆ ಡ್ರಾಪ್ಸ್ ಹಾಕೋದ್ ಕಲ್ತ್ಕಳಿ. ನನ್ ಕೈ ನಡುಗ್ತದೆ."

ಅವನು ಕಲಿತ. ಮೊದಮೊದಲು ಹನಿ ಮೂಗಿನ ಮೇಲೆ ಬೀಳುತ್ತಿತ್ತು, ಹುಬ್ಬಿನ ಮೇಲೆ ಬೀಳುತ್ತಿತ್ತು. ವಾರದಲ್ಲಿ ಕೈ ಕುದುರಿತು. ಬೆಳಿಗ್ಗೆ ಕೊಟ್ಟಿಗೆಗೆ ಹೋಗುವ ಮುಂಚೆ ಒಂದು ಹನಿ, ಸಂಜೆ ದೀಪ ಹಚ್ಚಿದ ಮೇಲೆ ಒಂದು ಹನಿ. ಮಗ ಭೀಮರಾಜು, "ನಂಗಿನ್ನೂ ನಲವತ್ತೈದು ಕಣಪ್ಪ, ನಂಗ್ಯಾಕೆ" ಎಂದು ಗೊಣಗಿದರೂ ಬಿಡದೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ. ಅವನಿಗೆ ಏನೂ ಇರಲಿಲ್ಲ. ವರ್ಷ ವರ್ಷ ಬಂದು ನೋಡಿಸಿಕೊಳ್ಳಲು ಹೇಳಿದರು.

ಮುಂದಿನ ತಿಂಗಳು ಶ್ರೀರಂಗಯ್ಯನ ಒಂದು ಕಣ್ಣಿನ ಪೊರೆ ತೆಗೆದರು. ಮಾರನೇ ದಿನ ಪಟ್ಟಿ ಬಿಚ್ಚಿದಾಗ ಗೋಡೆಯ ಸುಣ್ಣ, ಕಿಟಕಿಯ ಸರಳು, ಎಲ್ಲ ತೊಳೆದಿಟ್ಟ ಹಾಗೆ ಕಂಡವು. ಹುಚ್ಚಕ್ಕ ಹಾಸಿಗೆಯ ಪಕ್ಕ ಕೂತು ಕಾಫಿ ಆರಿಸುತ್ತಿದ್ದಳು. ಅವನ ಕಣ್ಣು ಅವಳ ಎಡಗೈ ಮೇಲೆ ಬಿತ್ತು. ಹೆಬ್ಬೆರಳಿನಿಂದ ಹಿಡಿದು ನಡುಬೆರಳಿನ ತನಕ ಮಚ್ಚಿನ ಗಾಯದ ಗೆರೆಗಳು. ಕೆಲವು ಹಳೆಯವು, ಬೆಳ್ಳಗಾಗಿದ್ದವು. ಕೆಲವು ಇನ್ನೂ ಕೆಂಪಾಗಿದ್ದವು.

"ಇದೆಲ್ಲ ಯಾವಾಗ ಆಯ್ತೇ?"

"ಕಾಣ್ದಾಗ ಆಗಿದ್ದು" ಎಂದು ಹುಚ್ಚಕ್ಕ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅವನು ಆ ಕೈಯನ್ನು ಸೆರಗಿನಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡ. ತನ್ನ ಕಣ್ಣು ಬಂದ ಸಂತೋಷ ಅವನಿಗೆ ಆ ದಿನ ಆಗಲಿಲ್ಲ, ಆಮೇಲೂ ಪೂರ್ತಿ ಆಗಲಿಲ್ಲ.

ಈಗಲೂ ಕಾಯಿ ನೋಡಲು ಅವನನ್ನೇ ಕರೆಯುತ್ತಾರೆ. ಕೆಂಕೆರೆಯ ಬಸವರಾಜಪ್ಪ ಮೊನ್ನೆ ಬೈಕು ತಂದು, ಕೂರಿಸಿಕೊಂಡು ಹೋದ. ಏಣಿ ಹಾಕಿಟ್ಟಿದ್ದರು. ಶ್ರೀರಂಗಯ್ಯ ಏಣಿ ಹತ್ತದೆ, ಜಗಲಿಯ ಮೇಲೆ ಕೂತಿದ್ದ ಬಸವರಾಜಪ್ಪನ ತಾಯಿ ಮೀನಾಕ್ಷಮ್ಮನ ಮುಂದೆ ನಿಂತ.

"ಅಮ್ಮೋರ ಕಣ್ಣು ಯಾವಾಗ ತೋರ್ಸಿದ್ದು?"

"ಅವರಿಗೇನ್ ಆಗೈತೆ? ಚೆನ್ನಾಗೇ ಓಡಾಡ್ಕೊಂಡವ್ರೆ. ನೀವು ಅಟ್ಟ ಹತ್ತಿ, ಕಾಯಿ ಬಲಿತೈತಾ ಹೇಳಿ."

"ನಮ್ಮನೇಲೂ ಚೆನ್ನಾಗೇ ಓಡಾಡ್ಕೊಂಡಿದ್ಲು ಕಣಪ್ಪ. ಅಟ್ಟದ ಕಾಯಿ ಎಲ್ಗೂ ಹೋಗಲ್ಲ, ಇನ್ನೆರಡು ದಿನ ಇರ್ತದೆ. ನಾಳೆ ಇವರ ಕಣ್ಣು ತೋರ್ಸ್ಕಂಡು ಬಾ. ಆಮೇಲೆ ಹತ್ತುತೀನಿ."

ಬಸವರಾಜಪ್ಪನಿಗೆ ಸಿಟ್ಟು ಬಂತು. ಆದರೂ ಕರೆದುಕೊಂಡು ಹೋದ. ಶ್ರೀರಂಗಯ್ಯ ಇಲ್ಲದೆ ಅಟ್ಟ ಮುಟ್ಟಿ ಅಭ್ಯಾಸ ಇರಲಿಲ್ಲವಲ್ಲ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈಗಲೇ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ಎದುರಿಗೆ ನೋಡಿ. ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿ. ವ್ಯತ್ಯಾಸ ಕಂಡರೆ ನಾಳೆಯೇ ಆಸ್ಪತ್ರೆಗೆ ಹೋಗಿ. ವ್ಯತ್ಯಾಸ ಕಾಣದಿದ್ದರೂ, ಅರವತ್ತು ದಾಟಿದ್ದರೆ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆ ಇದ್ದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು ಅರವತ್ತರ ತನಕವೂ ಕಾಯಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರೆ ನಿಮ್ಮ ಕಾರ್ಡು ಸವೆಯುವುದಿಲ್ಲ. ಯಾವ ಚಿಕಿತ್ಸೆ ಯಾವ ಯೋಜನೆಯಲ್ಲಿ ಸಿಗುತ್ತದೆ ಎಂದು ನಿಮ್ಮೂರ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯಲ್ಲಿ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರನ್ನೋ ಕೇಳಿ, ಅವರು ಹೇಳುತ್ತಾರೆ.

ಹುಚ್ಚಕ್ಕ ಈಗಲೂ ಪಡಸಾಲೆಯಲ್ಲಿ ಕೂರುತ್ತಾಳೆ. ಮಚ್ಚು ಹಿಡಿಯುವುದಿಲ್ಲ, ತೆಗೆದ ಕೊಬ್ಬರಿಯನ್ನು ಚೀಲಕ್ಕೆ ತುಂಬುತ್ತಾಳೆ. ಶ್ರೀರಂಗಯ್ಯ ಅವಳ ಬಲಗಡೆ ಕೂರುತ್ತಾನೆ. ನಿಮ್ಮ ಮನೆಯಲ್ಲೂ ಒಬ್ಬ ಹಿರಿಯರು ಕಾಣದ್ದನ್ನು ಯಾರಿಗೂ ಹೇಳದೆ ಕೂತಿರಬಹುದು. ಅವರಾಗಿ ಹೇಳುವುದಿಲ್ಲ. ನೀವೇ ಕೇಳಿ, ನೀವೇ ಕೈ ಹಿಡಿದು ಕರೆದುಕೊಂಡು ಹೋಗಿ.