ಮುಯ್ಯಿಲ್ಲದ ಗುರುವಾರ

ಪುಷ್ಪಾಳ ಚಪ್ಪಲಿ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದರೆ ಸಾಕು, ಪ್ರೇಮಮ್ಮ ಬಾಗಿಲಿನ ಚಿಲಕ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಊರಿನಲ್ಲಿ ಇನ್ಯಾರಿಗೂ ಅವಳು ಹಾಗೆ ಬಾಗಿಲು ಹಾಕಿದವಳಲ್ಲ. ಪುಷ್ಪಾ ಜಗಳಗಂಟಿಯೂ ಅಲ್ಲ. ಬಂದು, ನಕ್ಕು, "ಗುರುವಾರ ಬಾ ಪ್ರೇಮಕ್ಕ" ಅನ್ನುತ್ತಿದ್ದಳು, ಅಷ್ಟೇ. ಆ ಅಷ್ಟೇ ಅನ್ನುವುದೇ ಪ್ರೇಮಮ್ಮನಿಗೆ ಭಾರವಾಗಿತ್ತು.

ಅಂದು ಮಧ್ಯಾಹ್ನವೂ ಚಿಲಕ ಹಾಕಿಯೇ ಇತ್ತು. ಹೊರಗಿನಿಂದ ಮಗ ಮಹದೇವಪ್ರಸಾದನ ದನಿ ಕೇಳಿಸಿತು.

"ಅವ್ವಾ, ಬಾಗ್ಲು ತೆಗಿ. ಫೋನ್ ಮರ್ತ್ ಓಗ್ಬುಟ್ಟೆ."

ಗೂಡ್ಸ್ ಆಟೊ ಓಡಿಸುವ ಮಗ ಫೋನ್ ಮರೆಯದ ದಿನವೇ ಇಲ್ಲ. ಪ್ರೇಮಮ್ಮ ಗೊಣಗುತ್ತಾ ಎದ್ದು ಬಾಗಿಲು ತೆಗೆದಳು. ನಿಂತಿದ್ದವಳು ಪುಷ್ಪಾ.

"ಥೂ ನಿನ್ನ! ಗಂಡುಡುಗ್ರು ದನಿ ತೆಗಿಯಕ್ಕೆ ನಾಚ್ಕೆ ಆಗಲ್ವೇನೇ?"

"ನನ್ನ ದನಿಗೆ ನೀನು ಬಾಗ್ಲು ತೆಗಿದಿದ್ರೆ ನಿನ್ ಮಗನ ದನಿ ಯಾಕಕ್ಕ ಎರವಲು ತತ್ತಿದ್ದೆ?" ಅನ್ನುತ್ತಾ ಪುಷ್ಪಾ ಒಳಗೆ ಬಂದೇಬಿಟ್ಟಳು.

ಪುಷ್ಪಾ ಹಾಗೆಯೇ. ಬಸ್ ಕಂಡಕ್ಟರ್, ಪಂಚಾಯ್ತಿಯ ಮೈಕು, ಮೇವು ಕೇಳುವ ಕರು, ಯಾವ ದನಿ ಬೇಕಾದರೂ ಅವಳ ಗಂಟಲಿನಲ್ಲಿತ್ತು. ಅವಳಿಗೆ ಹುಟ್ಟಿದಾಗಿನಿಂದ ನಡೆಯಲಾರದ, ಮಾತಾಡಲಾರದ ಮಗಳು ಶಿವಾನಿ ಇದ್ದಳು. ಅವಳನ್ನು ನಗಿಸುವುದಕ್ಕೆಂದು ಕಲಿತ ವಿದ್ಯೆ ಅದು.

ಒಳಕೋಣೆಯ ಮಂಚದಲ್ಲಿ ಪ್ರೇಮಮ್ಮನ ಗಂಡ ನೀಲಕಂಠಸ್ವಾಮಿ ಮಲಗಿದ್ದ. ಎರಡು ವರ್ಷದ ಹಿಂದೆ, ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ, ಸೊಪ್ಪನ್ನು ಬಿಸಿಯಲ್ಲಿ ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದವನು ಅಲ್ಲೇ ಕುಸಿದಿದ್ದ. ಲಕ್ವ. ಬಲಗೈ, ಬಲಗಾಲು ಸೋತವು. ಮಾತು 'ಊಂ', 'ಊಹೂಂ'ಗೆ ಇಳಿಯಿತು. ಹಾಸಿಗೆ ಹಿಡಿದದ್ದು ಅವನೊಬ್ಬನೇ, ಆದರೆ ಹೊಸ್ತಿಲು ದಾಟುವುದು ನಿಂತದ್ದು ಇಬ್ಬರಿಗೂ. ಎತ್ತಿ ಕೂರಿಸಿ ಗಂಜಿ ಕುಡಿಸಬೇಕು, ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ತಿರುಗಿಸಬೇಕು, ತೊಳೆಯಬೇಕು, ಒರೆಸಬೇಕು. ಮುಗಿಯಿತು ಅನ್ನುವಷ್ಟರಲ್ಲಿ ಮೊದಲಿನಿಂದ ಶುರು.

ಯುಗಾದಿ ಕಳೆದ ಮೇಲೆ ಪುಷ್ಪಾ ಒಂದು ಕೂಟ ಕಟ್ಟಿದ್ದಳು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರು ಗುರುವಾರ ಸಂಜೆ ಅಂಗನವಾಡಿ ಜಗಲಿಯಲ್ಲಿ ಸೇರುವುದು, ಮನಸ್ಸಿನಲ್ಲಿರುವುದನ್ನು ಆಡಿ ಹಗುರಾಗುವುದು, ವಾರದಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಸ್ವಲ್ಪ ಹೊತ್ತು ಕೂತು ಆ ಮನೆಯವಳನ್ನು ಆಚೆ ಕಳಿಸುವುದು. ಹೇಗೆ ನಡೆಸೋಣ ಅಂದಾಗ ಎಲ್ಲರೂ ಒಂದೇ ಬಾಯಿಂದ "ಮುಯ್ಯಾಳಿನಂಗೆ" ಅಂದಿದ್ದರು. ಸೊಪ್ಪು ಮುರಿಯುವಾಗ, ಕಡ್ಡಿಗೆ ಕಟ್ಟುವಾಗ ಆ ಊರಿನಲ್ಲಿ ನಡೆಯುವುದೇ ಮುಯ್ಯಿ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಮುಯ್ಯಿ ಉಳಿಸಿಕೊಂಡವರು ಬಾವಿಕಟ್ಟೆಯಲ್ಲಿ ತಲೆ ಎತ್ತುವಂತಿಲ್ಲ.

ಆ ಮಾತೇ ಪ್ರೇಮಮ್ಮನಿಗೆ ಮುಳ್ಳಾಯಿತು. ಅವಳ ಮನೆಗೆ ಚಾಮುಂಡಮ್ಮ ಬಂದು ಕೂತಳು, ಪುಷ್ಪಾ ಬಂದು ಕೂತಳು. ಅವಳು ಹೋಗಬೇಕಾದ ದಿನ ಗಂಡನಿಗೆ ಜ್ವರ. ಮುಂದಿನ ವಾರ ಭೇದಿ. ಅದರ ಮುಂದಿನ ವಾರ ಯಾವ ಮುಖ ಹೊತ್ತು ಹೋಗುವುದು? ಅವಳು ಗುರುವಾರವನ್ನೇ ಬಿಟ್ಟಳು. ಹಾಗೇ ಇನ್ನೂ ಕೆಲವರು ಬಿಟ್ಟರು.

"ನಿಮ್ದೆಲ್ಲಾ ಮುಯ್ಯಿ ನನ್ ಮೇಲೈತೆ ಪುಷ್ಪಾ. ತೀರ್ಸಕ್ಕೆ ಆಗ್ತಿಲ್ಲ. ಇನ್ನೂ ಯಾಕವ್ವ ಹೊರಿಸ್ತೀಯ? ಅಲ್ಲೇನು ಕೂತ್ಕಂಡು ಅತ್ರೆ ಇವ್ರು ಎದ್ದು ಓಡಾಡ್ತಾರಾ?"

ಅಷ್ಟರಲ್ಲಿ ಮಂಚದಲ್ಲಿ ನೀಲಕಂಠಸ್ವಾಮಿ ಪಕ್ಕಕ್ಕೆ ಜಾರುತ್ತಿದ್ದ. ಇಬ್ಬರೂ ಸೇರಿ ಅವನನ್ನು ಮೇಲಕ್ಕೆಳೆದರು. ಎಳೆದದ್ದೇ ತಡ, ಪ್ರೇಮಮ್ಮ ಕಿಬ್ಬೊಟ್ಟೆ ಹಿಡಿದುಕೊಂಡು ಗೋಡೆಗೊರಗಿದಳು. ಮುಖ ಬೆವೆತಿತ್ತು.

"ಏನಕ್ಕ ಅದು?"

"ಏನಿಲ್ಲ ಬುಡು."

"ಅಕ್ಕಾ."

ಪ್ರೇಮಮ್ಮ ಗಂಡನ ಕಡೆ ನೋಡಿದಳು, ಪುಷ್ಪಾಳನ್ನು ಅಡುಗೆಮನೆಗೆ ಕರೆದೊಯ್ದು ಪಿಸುಗುಟ್ಟಿದಳು. ಗರ್ಭಕೋಶ ಕೆಳಗೆ ಜಾರಿದೆ. ಮೈಸೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು ಅಂದಿದ್ದಾರೆ. ಆಮೇಲೆ ಡಾಕ್ಟರು ಹೇಳುವ ತನಕ ಭಾರ ಎತ್ತುವಂತಿಲ್ಲ. ಕೊಟ್ಟ ತಾರೀಖನ್ನು ಒಮ್ಮೆ ಬಿಟ್ಟಾಯಿತು. ಬರುವ ಸೋಮವಾರ ಮತ್ತೆ ಕರೆದಿದ್ದಾರೆ.

"ಓಗಲ್ಲ ಕಣೆ. ನಾನು ಮಲಗಿದ್ರೆ ಇವ್ರನ್ನ ಎತ್ತೋರ್ಯಾರು? ನನ್ನ ನೋವು ಇಂಗೇ ಇರ್ಲಿ."

ಪುಷ್ಪಾ ಆಗ ಯಾರ ದನಿಯನ್ನೂ ತೆಗೆಯಲಿಲ್ಲ. "ಇಂಗೇ ಇರಲ್ಲ ಅಕ್ಕ. ಎತ್ತಿದಷ್ಟೂ ಜಾಸ್ತಿ ಆಯ್ತದೆ," ಅಂದು ಹೊರಟಳು.

ಆ ಗುರುವಾರ ಸಂಜೆ ಪುಷ್ಪಾ ಕೂಟವನ್ನು ಪ್ರೇಮಮ್ಮನ ಮನೆಗೇ ಕರೆತಂದಳು. ಜಗಲಿಯ ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು. ಚಾಮುಂಡಮ್ಮ ಮರೆವಿನ ಕಾಯಿಲೆಯ ಅತ್ತೆಯನ್ನು ಕೈಹಿಡಿದು ಕರೆತಂದಿದ್ದಳು. ಅತ್ತೆ, "ಮದ್ವೆ ಊಟ ಯಾವಾಗ್ಲೇ ಆಕ್ತಾರೆ?" ಅಂತ ಕೇಳುತ್ತಲೇ ಇದ್ದಳು.

"ಇನ್ನೇನು ಎಲೆ ಆಕ್ತಾರೆ ಕಣತ್ತೆ, ಕೂತ್ಕಳಿ," ಅಂದು ಚಾಮುಂಡಮ್ಮ ಪ್ರೇಮಮ್ಮನ ಕಡೆ ತಿರುಗಿದಳು. "ನೀನು ಬಾಗ್ಲು ಆಕ್ಕಂಡಿದ್ದಕ್ಕೆ ನಾನು ಬಯ್ಯಲ್ಲ ಕಣವ್ವ. ತಪ್ಪು ನಮ್ದೂ ಐತೆ. ಮುಯ್ಯಿ ಅಂದ್ಬುಟ್ವಿ. ಸೊಪ್ಪು ಎಲ್ಲಾರ ಒಲದಲ್ಲೂ ಮಾಗ್ತದೆ, ಇವತ್ತು ನಿಮ್ದು, ನಾಳಿದ್ದು ನಮ್ದು. ಕಾಯ್ಲೆ ಅಂಗೆ ಸರದಿ ನೋಡ್ಕಂಡು ಬತ್ತದಾ? ಈ ಪುಷ್ಪಾನ ಮಗಳು ಯಾವತ್ತೂ ಇಂಗೇ. ಪುಷ್ಪಾ ಯಾರ್ಯಾರ ಮುಯ್ಯಿ ಎಷ್ಟೂಂತ ತೀರ್ಸಾಳು?"

"ಅಂಗಾದ್ರೆ ಎಂಗೆ ನಡೀತದೆ?" ಅಂದಳು ಪ್ರೇಮಮ್ಮ. "ಕೊಡೋರೇ ಕೊಡ್ತಾ, ತಿನ್ನೋರೇ ತಿಂತಾ?"

"ಆದಾಗ ಆದೋರು ಮಾಡೋದು. ಆಗ್ದೇ ಇದ್ದಾಗ ಬಾಯ್ಬುಟ್ಟು ಕೇಳೋದು. ನೀನು ನಂಗೇ ವಾಪಸ್ ಕೊಡ್ಬೇಕು ಅಂತಿಲ್ಲ," ಅಂದಳು ಚಾಮುಂಡಮ್ಮ.

"ಇಲ್ಲಿ ಆಡಿದ್ದು ನಾಳೆ ಓಟ್ಲು ಮುಂದೆ ಟೀ ಜೊತೆ ಸಿಕ್ಕಿದ್ರೆ?" ಪ್ರೇಮಮ್ಮ ಕೇಳಿದಳು.

"ನಮ್ಮತ್ತೆ ಒಬ್ರೇ ಈ ಕೂಟದ್ ಮಾತ್ನ ಆಚೆ ಆಡೋದು," ಅಂದಳು ಚಾಮುಂಡಮ್ಮ, "ಅವ್ರು ಯೋಳಿದ್ನ ಯಾರೂ ನಂಬಲ್ಲ."

ಪ್ರೇಮಮ್ಮನಿಗೆ ನಗು ಬಂತು. ನಕ್ಕರೆ ಕಿಬ್ಬೊಟ್ಟೆ ನೋಯುತ್ತಿತ್ತು, ಆದರೂ ನಕ್ಕಳು. ಆಮೇಲೆ ಎಲ್ಲರೆದುರೂ ತನ್ನ ಬೇನೆಯನ್ನು ಹೇಳಿದಳು. ಕೂತವರಲ್ಲಿ ಇನ್ನೊಬ್ಬಳು ತಲೆತಗ್ಗಿಸಿ, "ನಂಗೂ ಅದೇ ಅಕ್ಕ. ಯಾರ್ಗೂ ಯೋಳಿರ್ಲಿಲ್ಲ," ಅಂದಳು.

ಆದರೆ ದೊಡ್ಡ ತೊಡಕು ಹಾಗೇ ಇತ್ತು. ಅವಳು ಆಪರೇಷನ್ನಿಗೆ ಹೋದರೆ ಗಂಜಿ ಕಾಯಿಸಲು, ಪಕ್ಕದಲ್ಲಿ ಕೂರಲು ಹೆಂಗಸರು ಬಂದಾರು. ಇನ್ನೊಬ್ಬಳ ಗಂಡನಿಗೆ ಸ್ನಾನ ಮಾಡಿಸುವುದು, ಬಟ್ಟೆ ಬದಲಿಸುವುದು ಅವರಿಂದಾಗದು. ಅಷ್ಟರಲ್ಲಿ ಆಟೊ ನಿಲ್ಲಿಸಿ ಮಹದೇವಪ್ರಸಾದ ಬಂದ. ನಿಜವಾದವನೇ.

ಅಪ್ಪನ ಆರೈಕೆ ನೀನು ಮಾಡ್ತೀಯಾ ಅಂತ ಚಾಮುಂಡಮ್ಮ ನೇರವಾಗಿ ಕೇಳಿದಳು. ಅವನು ನೆಲ ನೋಡಿದ. "ಅವೆಲ್ಲಾ ಅವ್ವನೇ ಮಾಡೋದು. ನಂಗೆ ಬರಲ್ಲ."

"ಬ್ಯಾರನ್ ಒಳಗೆ ತೊಲೆ ಮೇಲೆ ಕಾಲಿಟ್ಕಂಡು ಸೊಪ್ಪಿನ ಕಡ್ಡಿ ಏರ್ಸಕ್ಕೆ ಬತ್ತದೆ, ಎಲ್ಡಡಿ ಮಂಚದಿಂದ ನಿಮ್ಮಪ್ಪನ್ನ ಎತ್ತಕ್ಕೆ ಬರಲ್ವ?"

"ಅದು ಸೊಪ್ಪು ಕಣತ್ತೆ. ಇದು ಅಪ್ಪ." ಅವನು ಒಳಕೋಣೆಯ ಕಡೆ ಕಣ್ಣು ಹಾಯಿಸಿದ. "ಅಪ್ಪನ್ನ ಅಂಗೆ ನೋಡಕ್ಕೆ ನಂಗಾಗಲ್ಲ."

ಇಷ್ಟು ದಿನ ಮಗನಿಗೆ ಅಸಡ್ಡೆ ಅಂದುಕೊಂಡಿದ್ದ ಪ್ರೇಮಮ್ಮ ಬೆರಗಾಗಿ ಅವನ ಮುಖ ನೋಡಿದಳು. ಅವನು ಯಾವತ್ತೂ ಹೇಳಿರಲಿಲ್ಲ. ಅವಳು ಯಾವತ್ತೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಪುಷ್ಪಾ ಕಳಿಸಿದ್ದಾಳೆಂದು ಗುರುಮಲ್ಲಪ್ಪ ಬಂದ. ನೀಲಕಂಠಸ್ವಾಮಿಯ ಜೊತೆ ವರ್ಷಗಟ್ಟಲೆ ಬ್ಯಾರನ್ ಕಾದವನು. ಲಕ್ವ ಹೊಡೆದ ಮೇಲೆ ನೋಡಲು ಬರುವುದನ್ನೇ ಬಿಟ್ಟಿದ್ದ. ಏನು ಮಾತಾಡಬೇಕೋ ತಿಳಿಯದೆ ಬಿಟ್ಟೆ ಅಂದ. ಹಿಂಜರಿಯುತ್ತಿದ್ದ ಮಹದೇವಪ್ರಸಾದನಿಗೆ, "ನೀನು ಭುಜ ಇಡ್ಕೊಳ್ಲಾ, ನಾನು ಸೊಂಟ," ಅಂದ. ಪ್ರೇಮಮ್ಮ ಪಕ್ಕದಲ್ಲಿ ನಿಂತು ಹೇಳಿಕೊಟ್ಟಳು. ಮೊದಲ ದಿನದ ಸ್ನಾನದಲ್ಲಿ ನೆಲದ ತುಂಬಾ ನೀರು, ಸೋಪು ಕಣ್ಣಿಗೆ. ಭಾನುವಾರದ ಹೊತ್ತಿಗೆ ಬರೀ ನೆಲದ ತುಂಬಾ ನೀರು.

ಸೋಮವಾರ ಬೆಳಿಗ್ಗೆ ಆಟೊ ಬಾಗಿಲಿಗೆ ಬಂದರೂ ಪ್ರೇಮಮ್ಮ ಹೊಸ್ತಿಲು ದಾಟಲಿಲ್ಲ. ಗಂಜಿ ಬಿಸಿ ನೋಡಿ ಕುಡಿಸಿ, ಕೂರಿಸಿಯೇ ಕುಡಿಸಿ, ಒಂದೇ ಮಗ್ಗುಲಲ್ಲಿ ಜಾಸ್ತಿ ಹೊತ್ತು ಬಿಡಬೇಡಿ ಅಂತ ಹೇಳಿದ್ದನ್ನೇ ಹೇಳುತ್ತಿದ್ದಳು. ಕೊನೆಗೆ ಬ್ಯಾಗು ಕೆಳಗಿಟ್ಟು, "ಬ್ಯಾಡ ಬುಡ್ರಿ, ಇನ್ನೊಂದ್ ಸಲ ಓದ್ರಾಯ್ತು," ಅಂದುಬಿಟ್ಟಳು.

ಒಳಗಿನಿಂದ ಮಂಚ ತಟ್ಟಿದ ಸದ್ದಾಯಿತು. ನೀಲಕಂಠಸ್ವಾಮಿ ಎಡಗೈ ಎತ್ತಿ ಬಾಗಿಲ ಕಡೆ ತೋರಿಸುತ್ತಿದ್ದ. ಅವಳು ಹತ್ತಿರ ಹೋದರೆ "ಊಹೂಂ" ಅಂದ, ಮತ್ತೆ ಬಾಗಿಲು ತೋರಿಸಿದ. ಕಣ್ಣು ತುಂಬಿತ್ತು, ಕೈ ಮಾತ್ರ ಇಳಿಯಲಿಲ್ಲ. ಅವಳು ಬ್ಯಾಗು ತೆಗೆದುಕೊಂಡಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಆಸ್ಪತ್ರೆಯಲ್ಲಿ ಪ್ರೇಮಮ್ಮನ ಜೊತೆ ಪಾಳಿಯಲ್ಲಿ ಇದ್ದವರು ಕೂಟದ ಹೆಂಗಸರು. ಮನೆಯಲ್ಲಿ ಎಲ್ಲ ಸರಾಗವೇನೂ ಆಗಲಿಲ್ಲ. ಒಂದು ದಿನ ಗಂಜಿ ಸೀದಿತು, ಒಂದು ದಿನ ಗುರುಮಲ್ಲಪ್ಪನೇ ಸೊಂಟ ಹಿಡಿದುಕೊಂಡು ಮಲಗಿದ. ಆದರೂ ನೀಲಕಂಠಸ್ವಾಮಿಯ ಬೆನ್ನಿನ ಮೇಲೆ ಒಂದು ಹುಣ್ಣೂ ಏಳಲಿಲ್ಲ.

ಮನೆಗೆ ಬಂದ ಪ್ರೇಮಮ್ಮನಿಗೆ ಎತ್ತಲು ಅನುಮತಿ ಇದ್ದದ್ದು ಫೋನ್ ಒಂದನ್ನೇ. ಸರಿ, ಬುಧವಾರ ಎಲ್ಲರಿಗೂ ಫೋನ್ ಮಾಡಿ ಗುರುವಾರಕ್ಕೆ ಕರೆಯುವ ಕೆಲಸ ತನ್ನದು ಅಂದಳು. ಅಲ್ಲಿಯವರೆಗೆ ಮನೆಮನೆ ಸುತ್ತಿ ಕರೆಯುತ್ತಿದ್ದವಳು ಪುಷ್ಪಾ ಒಬ್ಬಳೇ.

ಒಂದು ಬುಧವಾರ ಪುಷ್ಪಾಗೆ ಫೋನ್ ಮಾಡಿದಾಗ ಆ ಕಡೆಯಿಂದ ಕಂಡಕ್ಟರ್ ದನಿ ಬಂತು. "ಪಿರಿಯಾಪಟ್ಣ, ಪಿರಿಯಾಪಟ್ಣ! ಸೀಟಿಲ್ಲ ಕಣ್ರೀ, ನಿಂತ್ಕಂಡ್ ಬನ್ನಿ!"

ಪ್ರೇಮಮ್ಮ ನಕ್ಕು ಕೇಳಿದಳು. "ಶಿವಾನಿ ಊಟ ಆಯ್ತಾ?"

"ಆಯ್ತು."

"ನೀನು ಉಂಡ್ಯಾ?"

ಈಗ ಬಂದದ್ದು ಪುಷ್ಪಾಳದೇ ದನಿ, ಸೋತು ತೆಳ್ಳಗಾದದ್ದು. "ಇಲ್ಲ ಕಣಕ್ಕ. ಬೆಳಿಗ್ಗಿಂದ ಇಲ್ಲ."

"ತಟ್ಟೆಗ್ ಆಕ್ಕೊ. ಉಣ್ಣು. ನಾನು ಫೋನ್ ಇಡಲ್ಲ, ಕೂತಿರ್ತೀನಿ."

ತಟ್ಟೆ ಇಟ್ಟ ಸದ್ದು ಕೇಳಿಸಿತು. ಪ್ರೇಮಮ್ಮ ಫೋನನ್ನು ಕಿವಿಗೊತ್ತಿಕೊಂಡು ಕೂತೇ ಇದ್ದಳು.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಬೀದಿಯಲ್ಲೂ ಇಂಥ ಮನೆಗಳಿವೆ. ಯಾವ ಮನೆ ಅಂತ ನಿಮಗೆ ಗೊತ್ತು, ಇಲ್ಲವಾದರೆ ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿ ಟೀಚರನ್ನೋ ಕೇಳಿ. ಮೂರು ಜನ ಸಿಕ್ಕರೂ ಕೂಟ ಶುರುವಾಗುತ್ತದೆ. ವಾರಕ್ಕೊಂದು ದಿನ ಗೊತ್ತು ಮಾಡಿಕೊಳ್ಳಿ, ಅದನ್ನು ತಪ್ಪಿಸಬೇಡಿ. ಆಚೆ ಬರಲಾಗದವರ ಮನೆಗೇ ಹೋಗಿ ಸೇರಿ. ಅಲ್ಲಿ ಆಡಿದ್ದು ಅಲ್ಲೇ ಉಳಿಯಲಿ. ಯಾರು ಎಷ್ಟು ಮಾಡಿದರು ಅಂತ ಎಣಿಸಲು ಹೋಗಬೇಡಿ, ಎಣಿಸಿದ ದಿನವೇ ತೀರಿಸಲಾಗದವರು ಬರುವುದನ್ನು ಬಿಡುತ್ತಾರೆ. ಗಂಡಸರನ್ನು ಜಗಲಿಯಲ್ಲಿ ಬಿಡದೆ ಒಳಗೆ ಕರೆಯಿರಿ. ಕರೆಯುವ ಹೊಣೆಯನ್ನು ಒಬ್ಬರ ತಲೆಗೇ ಕಟ್ಟಬೇಡಿ. ಬರುವುದು ನಿಂತವರ ಮೇಲೆ ಮುನಿಸಿಕೊಳ್ಳುವ ಮೊದಲು ಅವರ ಬಾಗಿಲಿಗೆ ಹೋಗಿ. ನಿಮ್ಮನ್ನೆಲ್ಲ ನಗಿಸುತ್ತಾ ಕೂಟ ನಡೆಸುವವಳು ಒಬ್ಬಳಿರುತ್ತಾಳಲ್ಲ, ಇವತ್ತೇ ಅವಳನ್ನು ಕೇಳಿ, ಉಂಡೆಯಾ ಅಂತ.