ಹತ್ತೊಂಬತ್ತನೇ ಶತಮಾನದ ಗಂಡು

ಗೋಕಾಕದ ಕಾಲೇಜಿನ ವಿಚಾರ ಸಂಕಿರಣದಲ್ಲಿ ಸುನೀಲ ಸರ್ ಮೇಜು ಗುದ್ದಿ ಗುದ್ದಿ ಮಾತಾಡಿದ್ದ. "ಹತ್ತೊಂಬತ್ತನೇ ಶತಮಾನದ ಮದುವೆ ಕಾದಂಬರಿಗಳ ನಾಯಕರು ಶುದ್ಧ ಹೇಡಿಗಳು! ಹುಡುಗಿಯೆದುರು ಸುಧಾರಣೆ, ಅಪ್ಪನೆದುರು ಮೌನ!" ಅಂಗೈ ಕೆಂಪಾಗುವಷ್ಟು ಚಪ್ಪಾಳೆ ತಟ್ಟಿದವಳು ಹುಕ್ಕೇರಿಯ ಆಮ್ರಪಾಲಿ. ಅದೇ ಕಾದಂಬರಿಗಳ ಮೇಲೆ ಅವಳ ಪಿಎಚ್.ಡಿ. ಇನ್ನೆರಡು ಅಧ್ಯಾಯ ಬರೆದರೆ ಮುಗಿಯುತ್ತಿತ್ತು. ಸಿಕ್ಕರೆ ಇಂಥ ಗಂಡ ಸಿಗಬೇಕು ಅಂದುಕೊಂಡಳು, ಹುಚ್ಚಿ.

ಸಿಕ್ಕೇಬಿಟ್ಟ. ನೆಂಟರೊಬ್ಬರು ಮಾತು ತೆಗೆದರು, ಮೂಡಲಗಿಯಿಂದ ಒಂದು ಕ್ರೂಸರ್ ತುಂಬ ಮಂದಿ ಕನ್ಯಾ ನೋಡಲು ಬಂದಿಳಿದರು. ಅವಲಕ್ಕಿ, ಚಹಾ ಬಂತು. ಸುನೀಲನ ಅಪ್ಪ ದುರ್ಗಪ್ಪ ಮೀಸೆ ಒರೆಸಿಕೊಂಡು ಶುರುಮಾಡಿದ.

"ಹುಡಿಗಿ ಪಸಂದ ಐತ್ರಿ. ಆದ್ರ ಆ ಓದು-ಗೀದು ಲಗ್ನದ ಮುಂಚೇನ ಬಿಡಬೇಕು. ಸೊಸಿ ಡಾಕ್ಟರ್ ಅನಿಸ್ಕೊಂಡ್ರ ನಮ್ಮ ಹುಡುಗ ಏನ ಅನಿಸ್ಕೋಬೇಕ್ರಿ?"

ಆಮ್ರಪಾಲಿ ಸುನೀಲನ ಕಡೆ ತಿರುಗಿದಳು. ಅವಳಿಗಿನ್ನೂ ಧೈರ್ಯವಿತ್ತು; ಮೇಜು ಗುದ್ದಿದ ಕೈ ಎದುರಿಗೇ ಇತ್ತಲ್ಲ! ಆ ಕೈ ಅವಲಕ್ಕಿಯೊಳಗಿನ ಶೇಂಗಾ ಆರಿಸುತ್ತಿತ್ತು.

"ನೀವೇನಂತೀರಿ, ಸರ್?" ಎಂದಳು.

"ಅಪ್ಪಾರು ಹೇಳಿದ ಮ್ಯಾಲ... ನಂದೇನೈತ್ರಿ."

ಛೀ! ಕಾದಂಬರಿಯ ಆ ಗಂಡಸರಾದರೂ ಎರಡು ಪುಟ ನಿಟ್ಟುಸಿರು ಬಿಟ್ಟು ಸೋಲುತ್ತಿದ್ದರು. ಇವನ ಕೈಯಿಂದ ಒಂದು ಶೇಂಗಾ ಸಹ ಕೆಳಗೆ ಬೀಳಲಿಲ್ಲ.

ಆಮ್ರಪಾಲಿಯ ತಾಯಿ ಇಂದ್ರವ್ವನಿಗೆ ಕಾಲೇಜು ಮಾಸ್ತರ ಅಳಿಯ ಎಲ್ಲಿ ಕೈತಪ್ಪುತ್ತಾನೋ ಎಂಬ ಭಯ. ಮಗಳ ಮುಖ ನೋಡದೆ ಸಕ್ಕರೆ ಬಟ್ಟಲು ತಂದು ದುರ್ಗಪ್ಪನ ಕೈಗಿಟ್ಟಳು. ಹುಡುಗ, ಹುಡುಗಿ ಇಬ್ಬರ ಬಾಯಿಗೂ ಸಕ್ಕರೆ ಬಿತ್ತೆಂದರೆ ಮಾತು ಪಕ್ಕಾ. ಆಮೇಲೆ ಹಿಂದೆ ಸರಿದವರ ಮುಖಕ್ಕೆ ಊರೇ ಉಗುಳುತ್ತದೆ. ದುರ್ಗಪ್ಪ ಚಿಟಿಕೆ ಎತ್ತಿದ್ದೇ ತಡ, ಸುನೀಲ "ಆ" ಎಂದ. ಬಂದಾಗಿನಿಂದ ಅವನು ಅಷ್ಟಗಲ ಬಾಯಿ ತೆಗೆದದ್ದು ಅದೇ ಮೊದಲು.

ಇನ್ನು ಆಮ್ರಪಾಲಿಯ ಸರದಿ. ಅವಳು ತುಟಿ ಬಿಗಿದು ಕೂತಳು.

"ಬಾಯಿ ತಗಿಯವಾ," ಎಂದ ದುರ್ಗಪ್ಪ.

"ತಗದ್ರ ನಿಮ್ಮ ಮಗನ ಭಾಷಣ ಹೊರಗ ಬರತೈತ್ರಿ, ಮಾಮಾರ. ನನಗ ಪೂರಾ ಬಾಯಿಪಾಠ ಐತಿ." ಬಟ್ಟಲನ್ನು ಅವನ ಕೈಯಿಂದ ಇಸಿದುಕೊಂಡು ಅವ್ವನಿಗೆ ಕೊಟ್ಟಳು. "ಸರ್, ನೀವು ಹೋಗಿ ಬರ್ರಿ. ಇಂಥಾ ಗಂಡಸರು ನನ್ನ ಪುಸ್ತಕದಾಗ ಬೇಕಾದಷ್ಟು ಮಂದಿ ಅದಾರ. ಮನ್ಯಾಗೂ ಒಬ್ಬ ಯಾಕ?"

ಬಾಯಲ್ಲಿದ್ದ ಸಕ್ಕರೆ ನುಂಗಬೇಕೋ ಉಗುಳಬೇಕೋ ತಿಳಿಯದೆ ಸುನೀಲ ಅಪ್ಪನ ಮುಖ ನೋಡಿದ.