ಇಲಿಗಳಿಗೆ ಮಾತ್ರ

ಆಸ್ಪತ್ರೆಯ ಮೆಟ್ಟಿಲ ಬಳಿ ತಂಗಿಯನ್ನು ಕಂಡದ್ದೇ ಅಕ್ಕ ದಡದಡನೆ ಇಳಿದು ಬಂದು ಅವಳ ತೋಳು ಹಿಡಿದಳು. ಉಗುರು ನಾಟುವಷ್ಟು ಬಿಗಿಯಾಗಿ.

"ನಿಮ್ಮ ಲ್ಯಾಬಿನ ಔಷಧಿ ಅಂತ ನಂಬಿದೆ ಕಣೇ. ಟೀವಿಯಲ್ಲಿ ನಿಮ್ಮ ದೊಡ್ಡವರು ಹೊಗಳ್ತಾ ಇದ್ರು, ಪಕ್ಕದಲ್ಲಿ ನೀನು ಗೊಂಬೆ ಥರ ನಿಂತಿದ್ದೆ."

ಒಳಗೆ ಅಕ್ಕನ ಮಗಳು ಮಲಗಿದ್ದಳು. ಹುಟ್ಟಿದಾಗಿನಿಂದ ಅವಳಿಗೆ ಕಡಲೆಕಾಯಿ ಆಗದು. ಯಾರೋ ಗೆಳತಿ ಕೊಟ್ಟ ಬಿಸ್ಕತ್ತಿನಲ್ಲಿ ಅದರ ಪುಡಿ ಇತ್ತಂತೆ. ಶಾಲೆಯ ಚೀಲದಲ್ಲಿ ಸದಾ ಇರುತ್ತಿದ್ದ ಅಲರ್ಜಿಯ ತುರ್ತು ಚುಚ್ಚುಮದ್ದನ್ನು ತೆಗೆದು ಅಕ್ಕ ಈ ವಾರ ಟೀವಿಯಲ್ಲಿ ಹೊಗಳಿದ್ದ ಎಲೆಸಾರದ ಬಾಟಲಿ ಇಟ್ಟಿದ್ದಳು. ಟೀಚರು ಅದನ್ನೇ ಕುಡಿಸಿ ಕಾದರು. ಮುಖ ಊದಿ ಉಸಿರು ಸಿಕ್ಕಿಕೊಂಡ ಮೇಲೆ ಆಸ್ಪತ್ರೆಗೆ ಹೊತ್ತು ತಂದರು. ಕೂದಲೆಳೆಯಲ್ಲಿ ಜೀವ ಉಳಿಯಿತು.

ಆ ಎಲೆಯಿಂದ ಬೇರ್ಪಡಿಸಿದ ಅಂಶ ಇಲಿಗಳ ಅಲರ್ಜಿಯ ಊತ ಇಳಿಸಿದ್ದು ನಿಜ. ಆ ಪ್ರಯೋಗ ಮಾಡಿದವಳೇ ತಂಗಿ. ಮನುಷ್ಯರ ಮೇಲೆ ಇನ್ನೂ ಪರೀಕ್ಷೆ ಆಗಿಲ್ಲ ಅನ್ನುವುದನ್ನೂ ಹೇಳಿ ಎಂದು ಅವಳು ಕೇಳಿಕೊಂಡಾಗ ಲ್ಯಾಬಿನ ಮುಖ್ಯಸ್ಥ, ಅಷ್ಟೆಲ್ಲ ಬಿಡಿಸಿ ಹೇಳಿದರೆ ನೋಡುವವರಿಗೆ ನಿದ್ದೆ ಬರುತ್ತದೆ ಎಂದು ನಕ್ಕಿದ್ದ. ಟೀವಿಯಲ್ಲಿ ಬಂದದ್ದೇ ತಡ, ಆ ಎಲೆಯ ಹೆಸರಿನ ಬಾಟಲಿಗಳು ಅಂಗಡಿ ಅಂಗಡಿಗೂ ಬಂದವು.

ತಂಗಿ ನೆಟ್ಟಗೆ ಲ್ಯಾಬಿಗೆ ಹೋದಳು. ಮುಖ್ಯಸ್ಥ ಇನ್ನೊಂದು ಚಾನೆಲ್ಲಿನ ಕ್ಯಾಮೆರಾ ಮುಂದೆ ಕೂದಲು ಸರಿಮಾಡಿಕೊಳ್ಳುತ್ತಿದ್ದ. ನಡೆದದ್ದನ್ನು ಅವಳು ಹೇಳಿದಳು. ಅವನು ಮಗು ಉಳಿಯಿತೇ ಎಂದು ಕೇಳಿದ, ಉಳಿಯಿತೆಂದಾಗ ಹಗುರಾದ.

"ನಾನು ಗುಣ ಆಗುತ್ತೆ ಅಂದಿಲ್ಲಮ್ಮ. ಆಗಬಹುದು ಅಂದಿದ್ದೆ. ಬಹುದು ಅಂತ."

ಅವಳು ಅವನನ್ನು ಬಿಟ್ಟು ಕ್ಯಾಮೆರಾದ ಕಡೆ ತಿರುಗಿದಳು.

"ಇದನ್ನ ನಾವು ಇಲಿಗಳಿಗೆ ಮಾತ್ರ ಕೊಟ್ಟು ನೋಡಿದ್ದೀವಿ. ಮಕ್ಕಳ ಅಲರ್ಜಿಯ ಚುಚ್ಚುಮದ್ದು ಬಿಡಿಸಬೇಡಿ. ನಮ್ಮ ಮಗು ಈಗ ಆಸ್ಪತ್ರೆಯಲ್ಲಿದೆ."

ನಾಳೆಯಿಂದ ಬರುವುದು ಬೇಡ ಎಂದು ಅವನು ಹಲ್ಲು ಕಚ್ಚಿ ಹೇಳಿದ್ದು ಬೆನ್ನ ಹಿಂದೆ ಕೇಳಿಸಿತು. ಪಂಜರಗಳ ಕೋಣೆಗೆ ಹೋಗಿ, ಇಲಿಗಳಿಗೆ ನೀರು ತುಂಬಿಸಿ, ಹೊರಟುಬಂದಳು.

ವಾರ್ಡಿನಲ್ಲಿ ಅಕ್ಕ ತಲೆ ಎತ್ತಲಿಲ್ಲ. ಮಗುವಿನ ಊದಿದ ತುಟಿಗೆ ಒದ್ದೆ ಹತ್ತಿ ಒತ್ತುತ್ತಿದ್ದಳು. ತಂಗಿ ಹಿಂದೆಯೇ ನಿಂತಳು. ಹತ್ತಿ ಒಣಗಿದಾಗ ಅಕ್ಕ ತಿರುಗಿ ನೋಡದೆ ಕೈಯೊಂದನ್ನು ಹಿಂದಕ್ಕೆ ಚಾಚಿದಳು. ತಂಗಿ ಹತ್ತಿಯ ತುಂಡೊಂದನ್ನು ಹರಿದು, ನೀರಿನಲ್ಲಿ ಅದ್ದಿ, ಹಿಂಡಿ, ಆ ಅಂಗೈಯಲ್ಲಿಟ್ಟಳು.